ಉಪಕರಣವೋ, ಪರಿಗ್ರಹವೋ? ಪರಿಮಾಣವ್ರತದ ಒಂದು ವಿಚಾರ

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ನಡೆಯುವ ದಶಲಕ್ಷಣ ಮಹಾಪರ್ವದಲ್ಲಿ ಎಂಟನೆಯ ದಿನವು ಉತ್ತಮ ತ್ಯಾಗಕ್ಕೂ ಒಂಬತ್ತನೆಯ ದಿನವು ಉತ್ತಮ ಆಕಿಂಚನ್ಯಕ್ಕೂ ಮೀಸಲಾಗಿವೆ. ಮೇಲುನೋಟಕ್ಕೆ ಈ ಎರಡು ಧರ್ಮಗಳೂ ಒಂದೇ ಎಂದು ತೋರಬಹುದು. ಆದರೆ ಆಚಾರ್ಯರು ಇವನ್ನು ಬೇರೆ ಬೇರೆಯಾಗಿ ಹೇಳಿರುವುದು ಕಾರಣವಿಲ್ಲದೆ ಅಲ್ಲ. ತ್ಯಾಗವೆಂದರೆ ಕೈಯಲ್ಲಿದ್ದುದನ್ನು ಬಿಡುವುದು. ಆಕಿಂಚನ್ಯವೆಂದರೆ ಬಿಟ್ಟದ್ದೂ ತನ್ನದಾಗಿರಲಿಲ್ಲ, ಉಳಿದದ್ದೂ ತನ್ನದಲ್ಲ ಎಂದು ತಿಳಿಯುವುದು. ಕೈ ಬಿಟ್ಟರೂ ಮನಸ್ಸು ಹಿಡಿದಿರುವುದುಂಟು. ಆದುದರಿಂದ ದ್ವಾದಶಿಗೂ ತ್ರಯೋದಶಿಗೂ ನಡುವೆ ಇರುವ ಒಂದು ರಾತ್ರಿ ಶ್ರಾವಕನ ಪಾಲಿಗೆ ಬಹು ದೊಡ್ಡ ರಾತ್ರಿ.

ನಮ್ಮ ಮನೆಗಳಲ್ಲಿ ಉಪವಾಸ ಮಾಡುವವರಿಗೆ ಕೊರತೆಯಿಲ್ಲ. ಏಕಾಶನ, ರಸತ್ಯಾಗ, ಅಷ್ಟಮಿ ಚತುರ್ದಶಿಗಳ ಪ್ರೋಷಧೋಪವಾಸ ಇವೆಲ್ಲ ಅಜ್ಜಿಯರಿಂದ ಮೊಮ್ಮಕ್ಕಳಿಗೆ ಬಂದಿರುವ ಸಂಸ್ಕಾರ. ಹೊಟ್ಟೆಗೆ ಊಟ ಕಡಿಮೆ ಮಾಡಲು ಬಲ್ಲ ಈ ಜನಕ್ಕೆ ಅಟ್ಟದ ಮೇಲಿನ ಪೆಟ್ಟಿಗೆಯನ್ನು ಕಡಿಮೆ ಮಾಡುವುದು ಮಾತ್ರ ಕಷ್ಟವಾಗುತ್ತದೆ. ಹಸಿವು ಮರುದಿನ ಪಾರಣೆಯಿಂದ ಶಮನವಾಗುತ್ತದೆಂಬ ಭರವಸೆಯಿದೆ. ಕೊಟ್ಟ ವಸ್ತು ಮರಳಿ ಬಾರದು. ಐದು ಅಣುವ್ರತಗಳಲ್ಲಿ ಕೊನೆಯದಾದ ಪರಿಗ್ರಹ ಪರಿಮಾಣವನ್ನು ಹಲವರು ಬಾಯಲ್ಲಿ ಸ್ವೀಕರಿಸಿ ಲೆಕ್ಕದಲ್ಲಿ ಬಿಟ್ಟುಬಿಡುವುದಕ್ಕೆ ಇದೇ ಕಾರಣ.

ಈ ವಿಷಯವನ್ನು ಒಂದು ದೃಷ್ಟಾಂತದ ಮೂಲಕ ವಿಚಾರಿಸುವುದು ಹಿತಕರ. ಕೊಪ್ಪಳಕ್ಕೆ ಸಮೀಪದ ಕಿನ್ನಾಳದಲ್ಲಿ ಒಬ್ಬ ವೃದ್ಧ ಶ್ರಾವಕರಿದ್ದಾರೆಂದು ಭಾವಿಸೋಣ. ಹೆಸರಿನ ಅಗತ್ಯವಿಲ್ಲ, ಅವರ ಸಂಕಟ ಎಲ್ಲರ ಮನೆಯಲ್ಲಿಯೂ ಇದೆ. ಕಿನ್ನಾಳವೆಂದರೆ ಚಿತ್ರಗಾರರ ಊರು. ಹಗುರವಾದ ಮರವನ್ನು ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಜೋಡಿಸಿ, ಬಣ್ಣವಿಟ್ಟು ಗೊಂಬೆ ಮಾಡುವ ಕಲೆಗೆ ಪ್ರಸಿದ್ಧವಾದ ಊರು. ಇಂಥ ಊರಿನಲ್ಲಿ ಈ ಹಿರಿಯರು ಕೂಡಿಟ್ಟದ್ದು ಗೊಂಬೆಗಳನ್ನಲ್ಲ, ದೂರದರ್ಶಕಗಳನ್ನು. ಜನರು ದುರ್ಬೀನು ಎನ್ನುವ ಆಕಾಶ ನೋಡುವ ಯಂತ್ರಗಳನ್ನು.

ಈ ಆಸಕ್ತಿಗೆ ಮೂಲವಿತ್ತು. 1980ರ ಫೆಬ್ರವರಿ 16ರ ಅಪರಾಹ್ನ ಖಗ್ರಾಸ ಸೂರ್ಯಗ್ರಹಣದ ನೆರಳು ಅಂಕೋಲೆಯ ಕಡೆಯಿಂದ ಕರ್ನಾಟಕವನ್ನು ಪ್ರವೇಶಿಸಿ, ಅಂದು ಕೊಪ್ಪಳವನ್ನೂ ಒಳಗೊಂಡಿದ್ದ ರಾಯಚೂರು ಜಿಲ್ಲೆಯ ಮೇಲೆ ಹಾದುಹೋಯಿತು. ಅದೇ ಜಿಲ್ಲೆಯ ಜವಳಗೇರಾದಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಬಿಡಾರ ಹೂಡಿದ್ದರು. ಹಗಲಿನಲ್ಲಿ ಕತ್ತಲೆ ಕವಿದು ನಕ್ಷತ್ರ ಕಂಡ ಆ ಗಳಿಗೆ, ಆಗ ಯುವಕರಾಗಿದ್ದ ಈ ಶ್ರಾವಕರ ಮನಸ್ಸನ್ನು ಆಕಾಶದತ್ತ ತಿರುಗಿಸಿತು. 1986ರಲ್ಲಿ ಹ್ಯಾಲಿ ಧೂಮಕೇತು ಬಂದಾಗ ಅವರೂ ಅವರ ತಮ್ಮನೂ ಸೇರಿ ಆರು ಅಂಗುಲದ ಒಂದು ಕನ್ನಡಿಯನ್ನು ಕೈಯಿಂದಲೇ ಉಜ್ಜಿ ದೂರದರ್ಶಕ ಕಟ್ಟಿದರು. ಎರಡು ಗಾಜಿನ ಬಿಲ್ಲೆಗಳ ನಡುವೆ ಕಾರ್ಬೊರಂಡಮ್ ಪುಡಿ ಹಾಕಿ, ನೀರು ಚಿಮುಕಿಸಿ, ವಾರಗಟ್ಟಲೆ ಉಜ್ಜಿದರೆ ಮಾತ್ರ ಮೇಲಿನ ಬಿಲ್ಲೆ ತಗ್ಗಾಗಿ ಕೆಳಗಿನದು ಉಬ್ಬುತ್ತದೆ. ಸಾಮಾಯಿಕದಷ್ಟೇ ತಾಳ್ಮೆಯನ್ನು ಬೇಡುವ ಕೆಲಸವದು.

ಆಕಾಶವನ್ನು ನೋಡುವುದು ಜೈನನಿಗೆ ಹೊರಗಿನ ವಿದ್ಯೆಯಲ್ಲ. ರಾಷ್ಟ್ರಕೂಟ ನೃಪತುಂಗನ ಕಾಲದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯರು ನಮ್ಮವರು. 1049ರಲ್ಲಿ ಕನ್ನಡದಲ್ಲಿ ಜಾತಕತಿಲಕವೆಂಬ ಜ್ಯೋತಿಷಗ್ರಂಥವನ್ನು ಬರೆದ ಶ್ರೀಧರಾಚಾರ್ಯರೂ ನಮ್ಮವರು. ತತ್ತ್ವಾರ್ಥಸೂತ್ರದ ನಾಲ್ಕನೆಯ ಅಧ್ಯಾಯದಲ್ಲಿ ಸೂರ್ಯ, ಚಂದ್ರ, ಗ್ರಹ, ನಕ್ಷತ್ರ, ತಾರೆಗಳ ನಿರೂಪಣೆಯಿದೆ. ಗಾಜು ತೋರಿಸುವುದಕ್ಕೂ ಆಗಮ ಹೇಳುವುದಕ್ಕೂ ಇರುವ ಸಂಬಂಧವೇನೆಂಬುದು ಬೇರೆಯೇ ಆದ ಚರ್ಚೆ. ಶುಭ್ರವಾದ ರಾತ್ರಿಯಲ್ಲಿ ಆಕಾಶಕ್ಕೆ ಕಣ್ಣಿಟ್ಟವನಿಗೆ ಲೋಕದ ವಿಸ್ತಾರವೂ ತನ್ನ ಅಲ್ಪತ್ವವೂ ಮನಸ್ಸಿಗೆ ಬಂದರೆ, ಅದು ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಒಂದಾದ ಲೋಕಾನುಪ್ರೇಕ್ಷೆಗೆ ಸಹಾಯಕವೇ ಸರಿ.

ಆದರೆ ಒಂದು ಯಂತ್ರದಿಂದ ಆರಂಭವಾದದ್ದು ಒಂದಕ್ಕೆ ನಿಲ್ಲಲಿಲ್ಲ. ಗುಜರಿಯಲ್ಲಿ ಕಂಡದ್ದು, ಹರಾಜಿನಲ್ಲಿ ಸಿಕ್ಕಿದ್ದು, ಸ್ನೇಹಿತರು ಕೊಟ್ಟದ್ದು ಎಲ್ಲವೂ ಸೇರಿ ಹನ್ನೊಂದಾದವು. ಜಪಾನಿನಲ್ಲಿ ತಯಾರಾದ, 60 ಮಿಲಿಮೀಟರ್ ಮಸೂರದ ಹಳೆಯ ದೂರದರ್ಶಕಗಳು ಮೂರು. ಕಬ್ಬಿಣದ ಭಾರವಾದ ಕಾಲುಗಳುಳ್ಳ ನಾಲ್ಕು ಅಂಗುಲದ ಉದ್ದ ಕೊಳವೆಯದು ಒಂದು. ತಮ್ಮನೊಡನೆ ಮಾಡಿದ ಆರು ಅಂಗುಲದ ಕನ್ನಡಿಯದು ಒಂದು. ನಾಲ್ಕು ಅಂಗುಲದ ಕನ್ನಡಿಯದು ಮತ್ತೊಂದು. ಚರ್ಮದ ಹೊದಿಕೆಯುಳ್ಳ ಹಿತ್ತಾಳೆಯ ಮಡಚುವ ದುರ್ಬೀನು ಒಂದು. ಮಸೂರವಿಲ್ಲದ ಬರಿಯ ಹಿತ್ತಾಳೆ ಕೊಳವೆಗಳು ಮೂರು. ಭೂಮಿ ಅಳೆಯುವವರು ಬಳಸುತ್ತಿದ್ದ ಯಂತ್ರವೊಂದು. ಇವುಗಳಲ್ಲಿ ವರ್ಷಕ್ಕೊಮ್ಮೆಯಾದರೂ ಹೊರಗೆ ಬರುತ್ತಿದ್ದುದು ಒಂದೇ ಒಂದು.

ಮುಪ್ಪು ಬಂದಿತು. ದೊಡ್ಡ ಮನೆಯ ಪಾಲಾಯಿತು. ಕೊಪ್ಪಳದಲ್ಲಿರುವ ಮಗಳ ಮನೆಯಲ್ಲಿ ಒಂದು ಕೋಣೆ ಸಿದ್ಧವಾಯಿತು. ಪರ್ವ ಮುಗಿದೊಡನೆ ಹೊರಡಬೇಕು. ಪೆಟ್ಟಿಗೆಗಳನ್ನು ನೋಡಿ ಮಗಳು ಹೀಗೆಂದಳು: “ಅಪ್ಪಾ, ನಮ್ಮ ಮನಿಯಾಗ ಜಾಗ ಇಲ್ಲಂತ ನಾ ಅನ್ನೂದಿಲ್ಲ. ಆದರ ಇವು ನಿಮ್ಮನ್ನ ಕಾಯತಾವೋ, ನೀವು ಇವನ್ನ ಕಾಯತೀರೋ, ಅಷ್ಟು ಹೇಳ್ರಿ.” ಹಿರಿಯರಿಗೆ ಉತ್ತರ ತೋಚಲಿಲ್ಲ. ಅಂದು ದ್ವಾದಶಿ, ಉತ್ತಮ ತ್ಯಾಗದ ದಿನ. ಅವರು ಉಪವಾಸದಲ್ಲಿದ್ದರು.

ಮಗಳ ಪ್ರಶ್ನೆ ಶಾಸ್ತ್ರದ ಪ್ರಶ್ನೆಯೇ ಆಗಿದೆ. ಉಮಾಸ್ವಾಮಿಗಳು ಪರಿಗ್ರಹದ ಲಕ್ಷಣವನ್ನು ಹೇಳುವಾಗ ವಸ್ತುವಿನ ಹೆಸರನ್ನು ಹೇಳದೆ ಮೂರ್ಛೆಯನ್ನು, ಅಂದರೆ ಮಮತೆಯನ್ನು, ಹೇಳಿದರು. ಕ್ಷೇತ್ರ ವಾಸ್ತು ಮೊದಲಾದ ಬಾಹ್ಯ ಪರಿಗ್ರಹಗಳು ಹತ್ತು. ಮಿಥ್ಯಾತ್ವ, ನಾಲ್ಕು ಕಷಾಯಗಳು, ಒಂಬತ್ತು ನೋಕಷಾಯಗಳು ಸೇರಿ ಅಂತರಂಗ ಪರಿಗ್ರಹಗಳು ಹದಿನಾಲ್ಕು. ಹೊರಗಿನದಕ್ಕಿಂತ ಒಳಗಿನದೇ ಸಂಖ್ಯೆಯಲ್ಲಿ ಹೆಚ್ಚು. ಸರ್ವವನ್ನೂ ತ್ಯಜಿಸಿದ ನಿರ್ಗ್ರಂಥ ಮುನಿಗಳ ಬಳಿಯೂ ಮೂರು ವಸ್ತುಗಳಿರುತ್ತವೆ: ಸಂಯಮಕ್ಕೆ ಪಿಂಛಿ, ಶೌಚಕ್ಕೆ ಕಮಂಡಲು, ಜ್ಞಾನಕ್ಕೆ ಶಾಸ್ತ್ರ. ಇವುಗಳಿಗೆ ಉಪಕರಣಗಳೆಂದು ಹೆಸರು. ಏಕೆಂದರೆ ಇವು ಒಂದು ಧರ್ಮಕಾರ್ಯಕ್ಕೆ ಉಪಕಾರ ಮಾಡುತ್ತವೆ. ಇವುಗಳ ಅಂದಚೆಂದಕ್ಕೆ ಮನಸ್ಸು ಸೋತ ಕ್ಷಣವೇ ಅವೂ ಪರಿಗ್ರಹವಾಗುತ್ತವೆ. ಮುನಿಗಳ ಪಿಂಛಿಗೇ ಈ ನಿಯಮವಿರುವಾಗ ಗೃಹಸ್ಥನ ದುರ್ಬೀನಿಗೆ ಬೇರೆ ನಿಯಮವುಂಟೇ?

ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ಇವು ಎತ್ತು, ಬಂಡಿ, ಧಾನ್ಯಗಳ ವ್ಯಾಪಾರ ಮಾಡುತ್ತಿದ್ದ ಕಾಲದ ಮಾತುಗಳು. ಆದರೂ ಈ ಹಿರಿಯರ ಅಟ್ಟಕ್ಕೆ ಅಳತೆ ತೆಗೆದು ಹೇಳಿದಂತಿವೆ. ಹೊಸದೊಂದಕ್ಕಾಗಿ ಮೈಯನ್ನೂ ವಾಹನವನ್ನೂ ದಣಿಸಿ ಊರೂರು ಅಲೆದದ್ದು ಅತಿವಾಹನ. ಮುಂದೆ ಬೆಲೆ ಏರೀತೆಂದು ಒಂದೇ ಬಗೆಯವನ್ನು ಮೂರು ಕೂಡಿಟ್ಟದ್ದು ಅತಿಸಂಗ್ರಹ. ಮಾರಿದ ವಸ್ತುವನ್ನು ಕೊಂಡವನು ಇಮ್ಮಡಿ ಬೆಲೆಗೆ ಮಾರಿದನೆಂದು ಕೇಳಿ ಹಲುಬುವುದು ವಿಸ್ಮಯ. ತಕ್ಕ ಬೆಲೆ ಬಂದರೂ ಇನ್ನೊಬ್ಬನು ಹೆಚ್ಚು ಕೊಟ್ಟಾನೆಂದು ಕೈ ಹಿಂದೆಗೆಯುವುದು ಲೋಭ. ಎಲ್ಲವನ್ನೂ ಮಗಳ ಒಂದು ಕೋಣೆಯ ಮೇಲೆ ಹೇರುವುದು ಅತಿಭಾರವಹನ. ಅಂದು ಎತ್ತಿನ ಬೆನ್ನು ಹೊತ್ತ ಭಾರವನ್ನು ಇಂದು ಮಕ್ಕಳ ಬೆನ್ನು ಹೊರುತ್ತಿದೆ.

ಇದೇ ಗ್ರಂಥದಲ್ಲಿ ಈ ವ್ರತಕ್ಕೆ ಜಯಕುಮಾರನು ಆದರ್ಶ. ಪರಿಗ್ರಹದ ದೋಷಕ್ಕೆ ಶ್ಮಶ್ರುನವನೀತನು ಉದಾಹರಣೆ. ಎರಡನೆಯವನ ಕಥೆ ಎಲ್ಲ ಮನೆಗಳಿಗೂ ಪರಿಚಿತವಾದುದು. ಮಜ್ಜಿಗೆ ಕುಡಿದಾಗ ಮೀಸೆಗೆ ಅಂಟಿದ ಬೆಣ್ಣೆಯನ್ನು ಒರೆಸಿ ಕೂಡಿಟ್ಟು ಆ ಬಡವನು ಒಂದು ಗಡಿಗೆ ತುಪ್ಪ ಮಾಡಿದನು. ಚಳಿಗಾಲದ ರಾತ್ರಿ ಕಾಲ ಬಳಿ ಬೆಂಕಿ, ಅದರ ಮೇಲೆ ತೂಗುಹಾಕಿದ ಗಡಿಗೆ. ತುಪ್ಪ ಮಾರಿ ವ್ಯಾಪಾರಿಯಾಗುವೆ, ಸಾಮಂತನಾಗುವೆ, ಚಕ್ರವರ್ತಿಯಾಗುವೆ ಎಂದು ಕನಸು ಕಾಣುತ್ತ, ಕಾಲೊತ್ತುವ ಪಟ್ಟದರಸಿಯನ್ನು ಪ್ರೀತಿಯಿಂದ ಒದೆಯುವೆನೆಂದು ಕಾಲು ಚಾಚಿದನು. ಗಡಿಗೆ ಒಡೆದು ಬೆಂಕಿಗೆ ತುಪ್ಪ ಸುರಿದು ಗುಡಿಸಲಿನೊಡನೆ ತಾನೂ ಉರಿದುಹೋದನು. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಅವನ ಬಳಿಯಿದ್ದುದು ಒಂದೇ ಗಡಿಗೆ. ಅವನನ್ನು ಸುಟ್ಟದ್ದು ಗಡಿಗೆಯ ಗಾತ್ರವಲ್ಲ, ಅದಕ್ಕೆ ಕಟ್ಟಿದ ಕನಸಿನ ಗಾತ್ರ. ಆದುದರಿಂದ ಹನ್ನೊಂದನ್ನು ನಾಲ್ಕು ಮಾಡಿದೊಡನೆ ವ್ರತವಾಯಿತೆಂದು ತಿಳಿಯಲಾಗದು. ಯಾವ ನಾಲ್ಕು, ಏಕೆ ಆ ನಾಲ್ಕು ಎಂಬುದನ್ನು ಕೇಳಬೇಕು.

ಆ ದ್ವಾದಶಿಯ ಹಗಲಿನಲ್ಲಿ ಹಿರಿಯರು ಒಂದೊಂದೇ ಪೆಟ್ಟಿಗೆಯನ್ನು ಮೃದುವಾಗಿ ಒರೆಸಿ, ಜೀವಜಂತುಗಳನ್ನು ನೋಡಿ ತೆರೆದರು. ಮುಚ್ಚಿಟ್ಟ ಕೊಳವೆಗಳಲ್ಲಿ ಜೇಡವೂ ಸಣ್ಣ ಹುಳುಗಳೂ ಮನೆ ಮಾಡಿದ್ದವು. ಬಳಸದೆ ಇಟ್ಟ ವಸ್ತು ಜೀವೋತ್ಪತ್ತಿಗೆ ಆಶ್ರಯ. ಅದನ್ನು ತೆರೆದಾಗಲೂ ಹಿಂಸೆ, ತೆರೆಯದಿದ್ದರೂ ಹಿಂಸೆ. ಪ್ರತಿಲೇಖನ ಮಾಡಲು ಸಾಧ್ಯವಾಗುವಷ್ಟನ್ನೇ ಇಟ್ಟುಕೊಳ್ಳಬೇಕೆಂಬುದು ಮೊದಲನೆಯ ಪಾಠವಾಯಿತು.

ಎರಡನೆಯದು ಚರ್ಮದ ಹೊದಿಕೆಯ ಹಿತ್ತಾಳೆ ದುರ್ಬೀನು. ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಿದ್ದುದು ಅದನ್ನೇ. ಚರ್ಮದ ಚಪ್ಪಲಿಯನ್ನು ಬಸದಿಯ ಹೊರಗೆ ಬಿಡುವವರು ಚರ್ಮದ ಕೊಳವೆಯನ್ನು ಇಷ್ಟು ವರ್ಷ ಕಪಾಟಿನ ನಡುವೆ ಇಟ್ಟಿದ್ದರು. ಹಳೆಯದೆಂಬ ಗೌರವದಲ್ಲಿ ಚರ್ಮವು ಚರ್ಮವಾಗಿ ಕಾಣಿಸಿರಲಿಲ್ಲ. ಮೋಹವು ಕಣ್ಣಿಗೆ ಹಾಕುವ ಮಸೂರ ಇಂಥದು; ಇದ್ದುದನ್ನು ಮರೆಮಾಡುತ್ತದೆ, ಇಲ್ಲದುದನ್ನು ದೊಡ್ಡದಾಗಿ ತೋರಿಸುತ್ತದೆ.

ಮೂರನೆಯದು ಜಪಾನಿನ ಹಳೆಯ ದೂರದರ್ಶಕಗಳ ಪೆಟ್ಟಿಗೆಯಲ್ಲಿದ್ದ ಕಪ್ಪು ಗಾಜಿನ ಸಣ್ಣ ಬಿಲ್ಲೆಗಳು. ಸೂರ್ಯನನ್ನು ನೋಡಲೆಂದು ಕಣ್ಣಿನ ಕಡೆಯ ಮಸೂರಕ್ಕೆ ಸಿಕ್ಕಿಸುತ್ತಿದ್ದ ಈ ಬಿಲ್ಲೆಗಳು ಒಟ್ಟುಗೂಡಿದ ಬಿಸಿಲಿನ ಕಾವಿಗೆ ನೋಡುತ್ತಿರುವಾಗಲೇ ಒಡೆಯಬಲ್ಲವು. ಒಡೆದರೆ ಕಣ್ಣು ಹೋಗುತ್ತದೆ. ಹಳೆಯ ಪೆಟ್ಟಿಗೆ ಪೂರ್ಣವಾಗಿದ್ದರೆ ಬೆಲೆ ಹೆಚ್ಚೆಂದು ಸಂಗ್ರಾಹಕರು ಇವನ್ನೂ ಜೋಪಾನ ಮಾಡುತ್ತಾರೆ. ಹಿರಿಯರು ಅವನ್ನು ಯಾರಿಗೂ ಕೊಡದೆ ಬಟ್ಟೆಯಲ್ಲಿ ಸುತ್ತಿ ಪುಡಿಮಾಡಿದರು. ಬೆಲೆ ಇಳಿಯಿತು, ಯಾವುದೋ ಮಗುವಿನ ಕಣ್ಣು ಉಳಿಯಿತು. ಅಭಯದಾನವೆಂದರೆ ಇದೂ ಹೌದು.

ನಾಲ್ಕನೆಯದು ಮಾರಾಟದ ಪ್ರಶ್ನೆ. ಗೃಹಸ್ಥನು ನ್ಯಾಯದಿಂದ ಮಾರುವುದು ದೋಷವಲ್ಲ. ಆದರೆ ಮಸೂರವಿಲ್ಲದ ಕೊಳವೆಗೆ ಬೇರೊಂದರ ಗಾಜು ಕೂಡಿಸಿ ಮೂಲದ್ದೆಂದು ಮಾರಿದರೆ ಅದು ಪ್ರತಿರೂಪಕ ವ್ಯವಹಾರ, ಅಚೌರ್ಯಾಣುವ್ರತದ ಅತಿಚಾರ. ಹೀಗೆ ಐದನೆಯ ವ್ರತವನ್ನು ಕಾಯಲು ಹೋಗಿ ಮೂರನೆಯದನ್ನು ಕಳೆದುಕೊಳ್ಳುವುದುಂಟು. ಹಿರಿಯರು ಬರಿಯ ಕೊಳವೆಗಳನ್ನು ಹಿತ್ತಾಳೆಯ ತೂಕಕ್ಕೆ ಕೊಡಬೇಕೆಂದೂ, ನಾಲ್ಕು ಅಂಗುಲದ ಉದ್ದ ಕೊಳವೆ, ಭೂಮಾಪನ ಯಂತ್ರ, ಹಿತ್ತಾಳೆ ದುರ್ಬೀನುಗಳನ್ನು ಅವುಗಳ ದೋಷವನ್ನು ಬರೆದೇ ಮಾರಿ, ಬಂದ ಹಣವನ್ನು ಔಷಧದಾನಕ್ಕೆ ಹಾಕಬೇಕೆಂದೂ ಬರೆದಿಟ್ಟರು. ಜಪಾನಿನ ಮೂರರಲ್ಲಿ ಎರಡು ಶಾಲೆಗಳಿಗೆ ಹೋಗತಕ್ಕವು. ಆದರೆ ಸಿಕ್ಕ ಶಾಲೆಗಲ್ಲ. ಪಾತ್ರವನ್ನು ನೋಡಿ ಕೊಡಬೇಕು. ರಾತ್ರಿ ಒಂದು ಗಂಟೆ ಮಕ್ಕಳೊಡನೆ ನಿಲ್ಲಬಲ್ಲ ಶಿಕ್ಷಕರಿರುವ ಶಾಲೆಯಾಗಬೇಕು. ಇಲ್ಲವಾದರೆ ಒಬ್ಬರ ಅಟ್ಟದಿಂದ ಇನ್ನೊಬ್ಬರ ಅಟ್ಟಕ್ಕೆ ಧೂಳು ವರ್ಗವಾದಂತೆ, ಅದು ದಾನವಲ್ಲ.

ಸಮಂತಭದ್ರರು ವೈಯಾವೃತ್ಯದ ಸಂದರ್ಭದಲ್ಲಿ ಆಹಾರ, ಔಷಧ, ಆವಾಸಗಳ ಜೊತೆಗೆ ಉಪಕರಣದಾನವನ್ನೂ ಹೇಳಿದ್ದಾರೆ. ಅಲ್ಲಿಯ ಪಾತ್ರರು ವ್ರತಿಗಳು. ಆದರೂ ಉಪಕರಣವು ಬಳಸುವವನ ಕೈ ಸೇರಬೇಕೆಂಬ ತತ್ತ್ವ ಎಲ್ಲೆಡೆಗೂ ಸಲ್ಲುತ್ತದೆ. ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಸಾವಿರ ಪ್ರತಿಗಳನ್ನು ತನ್ನ ಭಂಡಾರದಲ್ಲಿಯೇ ಇರಿಸಿಕೊಂಡಿದ್ದರೆ ಅದು ಸಂಗ್ರಹವಾಗುತ್ತಿತ್ತು. ಹಂಚಿದ್ದರಿಂದ ಶಾಸ್ತ್ರದಾನವಾಯಿತು. ಗ್ರಂಥ ಒಂದೇ, ಇರುವ ಸ್ಥಳ ಅದರ ಹೆಸರನ್ನು ಬದಲಿಸುತ್ತದೆ.

ಸಂಜೆಯಾಗುವ ಹೊತ್ತಿಗೆ ಪಟ್ಟಿಯಲ್ಲಿ ಮೂರು ಉಳಿದವು: 60 ಮಿಲಿಮೀಟರಿನದು ಒಂದು, ನಾಲ್ಕು ಅಂಗುಲದ ಕನ್ನಡಿಯದು ಒಂದು, ತಮ್ಮನೊಡನೆ ಮಾಡಿದ ಆರು ಅಂಗುಲದ್ದು ಒಂದು. ಹನ್ನೊಂದು ಮೂರಾಯಿತೆಂದು ಸಂತೋಷಪಡಬಹುದಿತ್ತು. ಆದರೆ ಆ ರಾತ್ರಿ ಪ್ರತಿಕ್ರಮಣಕ್ಕೆ ಕುಳಿತಾಗ ಮನಸ್ಸು ಮೂರರ ಕಡೆಗೂ ಹೋಗಲಿಲ್ಲ. ಒಂದರ ಮೇಲೆಯೇ ನಿಂತಿತು.

ಆರು ಅಂಗುಲದ ಆ ಕನ್ನಡಿ 60 ಮಿಲಿಮೀಟರಿನದಕ್ಕಿಂತ ಆರು ಪಟ್ಟಿಗೂ ಮಿಕ್ಕಿ ಬೆಳಕನ್ನು ಹಿಡಿಯಬಲ್ಲದು. ಆದರೆ ಅದರ ಅಲ್ಯೂಮಿನಿಯಂ ಲೇಪ ಮಾಸಿ ಬಹಳ ವರ್ಷಗಳಾಗಿದ್ದವು. ಮರುಲೇಪನ ಮಾಡಿಸಬಹುದಿತ್ತು, ಅವರು ಮಾಡಿಸಿರಲಿಲ್ಲ. ತಮ್ಮನು ತೀರಿಕೊಂಡ ಮೇಲೆ ಆ ಪೆಟ್ಟಿಗೆಯನ್ನು ತೆರೆದೇ ಇರಲಿಲ್ಲ. ಕನ್ನಡಿಯ ಹಿಂಬದಿಯಲ್ಲಿ ತಮ್ಮನು ಸೀಸದ ಕಡ್ಡಿಯಿಂದ ಬರೆದ ತಾರೀಖು ಇತ್ತು. ಉಳಿದ ಹತ್ತನ್ನು ಬಿಡಲು ಅವರಿಗೆ ಸುಲಭವಾದದ್ದು ಈ ಒಂದನ್ನು ಬಿಡದಿರುವ ನಿಶ್ಚಯವು ಒಳಗೇ ಇದ್ದುದರಿಂದ ಎಂಬುದು ಆಗ ತಿಳಿಯಿತು. ನೋಕಷಾಯಗಳಲ್ಲಿ ಶೋಕವನ್ನೂ ಆಚಾರ್ಯರು ಅಂತರಂಗ ಪರಿಗ್ರಹದಲ್ಲಿ ಎಣಿಸಿರುವುದು ಇದಕ್ಕೇ. ಮನುಷ್ಯನು ಹೊನ್ನನ್ನು ಮಾತ್ರ ಕೂಡಿಡುವುದಿಲ್ಲ. ದುಃಖವನ್ನೂ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾನೆ.

ಇಲ್ಲಿ ಕಠಿಣವಾಗಿ ಮಾತನಾಡುವುದು ಸುಲಭ, ಅದು ಧರ್ಮವಲ್ಲ. ವ್ರತವನ್ನು ಯಥಾಶಕ್ತಿ ಸ್ವೀಕರಿಸಬೇಕೆಂಬುದು ಜಿನಮಾರ್ಗದ ಕರುಣೆ. ಶಕ್ತಿಗೆ ಮೀರಿ ಬಿಟ್ಟು ಆಮೇಲೆ ಕೊರಗುವುದಕ್ಕಿಂತ, ತಿಳಿದು ಉಳಿಸಿಕೊಂಡು ಕ್ರಮವಾಗಿ ಬಿಡುವುದು ಲೇಸು. ಆದುದರಿಂದಲೇ ತ್ಯಾಗದಲ್ಲಿ ನಿಯಮವೆಂದೂ ಯಮವೆಂದೂ ಎರಡು ಬಗೆ. ಕಾಲದ ಮಿತಿಯುಳ್ಳದು ನಿಯಮ, ಜೀವನಪರ್ಯಂತದ್ದು ಯಮ. ಹಿರಿಯರು ಕನ್ನಡಿಯನ್ನು ಇಟ್ಟುಕೊಂಡಿದ್ದರೂ ಯಾರೂ ಅವರನ್ನು ದೂಷಿಸುವಂತಿರಲಿಲ್ಲ. ಆದರೆ ಅವರು ತಮ್ಮನ್ನು ತಾವೇ ಕೇಳಿಕೊಂಡರು: ತಮ್ಮನು ಈ ಗಾಜನ್ನು ಉಜ್ಜಿದ್ದು ಏತಕ್ಕೆ? ಪೆಟ್ಟಿಗೆಯಲ್ಲಿಡುವುದಕ್ಕಲ್ಲ, ಊರಿನ ಮಕ್ಕಳಿಗೆ ಧೂಮಕೇತುವನ್ನು ತೋರಿಸುವುದಕ್ಕೆ. ಹಾಗಾದರೆ ಇಷ್ಟು ವರ್ಷ ಕಾಪಾಡಿದ್ದು ತಮ್ಮನ ಕೆಲಸವನ್ನಲ್ಲ, ಆ ಕೆಲಸ ನಿಂತುಹೋದ ದಿನವನ್ನು.

ತ್ರಯೋದಶಿಯ ಬೆಳಿಗ್ಗೆ ಅಭಿಷೇಕ ಪೂಜೆಗಳಾದ ಮೇಲೆ ಅವರು ಜಿನಬಿಂಬದ ಸಾಕ್ಷಿಯಾಗಿ ಪರಿಮಾಣವನ್ನು ಮಾಡಿಕೊಂಡರು. ಆರು ಅಂಗುಲದ ಕನ್ನಡಿಗೆ ಮರುಲೇಪನ ಮಾಡಿಸಿ, ತಮ್ಮನ ಹೆಸರನ್ನಾಗಲಿ ತನ್ನ ಹೆಸರನ್ನಾಗಲಿ ಬರೆಯಿಸದೆ ಕಿನ್ನಾಳದ ಮಕ್ಕಳಿಗೇ ಬಿಡುವುದು. ನಾಲ್ಕು ಅಂಗುಲದ್ದನ್ನು ಅದನ್ನು ಕಲಿಯಬಯಸುವ ಒಬ್ಬ ಯುವಕನಿಗೆ ಕೊಡುವುದು. ಉಳಿಯುವುದು ಒಂದು, 60 ಮಿಲಿಮೀಟರಿನದು. ಅದು ಅತ್ಯುತ್ತಮವಾದದ್ದೆಂದಲ್ಲ, ಮುದುಕನೊಬ್ಬನು ಒಂದೇ ಕೈಯಲ್ಲಿ ಎತ್ತಬಲ್ಲನು, ಮಗಳಿಗೆ ಭಾರವಾಗದು, ಗುರುವಿನ ನಾಲ್ಕು ಚಂದ್ರರನ್ನೂ ಶನಿಯ ಬಳೆಯನ್ನೂ ತೋರಿಸಲು ಸಾಕು. ಅದಕ್ಕೂ ನಿಯಮ: ಕಣ್ಣು ಕಾಣುವವರೆಗೆ ಮಾತ್ರ. ಮುಂದೆ ದೂರದರ್ಶಕವನ್ನು ಕೊಳ್ಳುವುದು, ಉಡುಗೊರೆಯಾಗಿ ಪಡೆಯುವುದು ಎರಡಕ್ಕೂ ಯಮ. ಕೊಟ್ಟವುಗಳ ಬಗ್ಗೆ ಮತ್ತೆ ವಿಚಾರಿಸುವುದಿಲ್ಲ ಎಂಬುದನ್ನೂ ಕೊನೆಗೆ ಸೇರಿಸಿದರು. ದ್ವಾದಶಿಯ ತ್ಯಾಗವು ತ್ರಯೋದಶಿಯ ಆಕಿಂಚನ್ಯವಾದದ್ದು ಈ ಕೊನೆಯ ಮಾತಿನಲ್ಲಿ.

ಧರ್ಮಬಂಧುಗಳು ತಮ್ಮ ಮನೆಯ ಅಟ್ಟವನ್ನೂ ಕಪಾಟನ್ನೂ ಹೀಗೆಯೇ ನೋಡಬಹುದು. ದೂರದರ್ಶಕದ ಜಾಗದಲ್ಲಿ ಹಿತ್ತಾಳೆ ಪಾತ್ರೆ, ರೇಷ್ಮೆ ಸೀರೆ, ಕಿನ್ನಾಳದ ಗೊಂಬೆ, ಓದದ ಪುಸ್ತಕ ಯಾವುದಾದರೂ ಇರಬಹುದು. ಕೇಳಬೇಕಾದ ಪ್ರಶ್ನೆಗಳು ಕೆಲವೇ: ಇದು ಉಪಕಾರ ಮಾಡುತ್ತಿದೆಯೇ, ಇಲ್ಲವೇ ಇದಕ್ಕೆ ಸೇವೆ ನಡೆಯುತ್ತಿದೆಯೇ? ಇದನ್ನು ಹಿಂಸೆಯಿಲ್ಲದೆ ಕಾಪಾಡಲಾದೀತೇ? ಇದರ ಭಾರ ಯಾರ ಬೆನ್ನ ಮೇಲೆ ಬೀಳುತ್ತದೆ? ಯಾವುದನ್ನು ಪಟ್ಟಿಗೇ ಸೇರಿಸದೆ ಮನಸ್ಸು ಬದಿಗಿಟ್ಟಿದೆ? ಕೊನೆಯ ಪ್ರಶ್ನೆಯೇ ಮುಖ್ಯವಾದುದು. ಪರಿಗ್ರಹದ ಬೇರು ಸಾಮಾನ್ಯವಾಗಿ ಪಟ್ಟಿಯ ಹೊರಗಿರುತ್ತದೆ.

ಪ್ರಾಚೀನ ಕೊಪಣ ಮಹಾತೀರ್ಥವಾದ ಕೊಪ್ಪಳದ ಬಂಡೆಯ ಮೇಲೆ, ವರಾಂಗಚರಿತದ ಕರ್ತೃಗಳಾದ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಭಕ್ತನೊಬ್ಬನು ಕೆತ್ತಿಸಿದ್ದಾನೆ. ಆ ಮಹಾಮುನಿಗಳು ಬಿಟ್ಟುಹೋಗಲು ಪೆಟ್ಟಿಗೆಯೊಂದೂ ಇರಲಿಲ್ಲ. ಒಂದು ಕಾವ್ಯ ಉಳಿಯಿತು. ಒಂದು ಜೊತೆ ಹೆಜ್ಜೆ ಉಳಿಯಿತು. ಮಗಳ ಮನೆಗೆ ಹೊರಟ ವೃದ್ಧ ಶ್ರಾವಕರಾಗಲಿ, ಸಂಸಾರದ ಮನೆಯಿಂದ ಇಂದೋ ನಾಳೆಯೋ ಹೊರಡಬೇಕಾದ ಜೀವಗಳಾಗಲಿ, ಹಗುರವಾಗಿ ನಡೆಯಲು ಕಲಿಯಬೇಕಾದದ್ದು ಆ ಹೆಜ್ಜೆಗಳಿಂದ. ಸಕಲ ಶ್ರಾವಕ ಶ್ರಾವಿಕೆಯರಿಗೂ ತಮ್ಮ ಶಕ್ತಿಗೆ ತಕ್ಕ ಪರಿಮಾಣವೂ ಪರಿಮಾಣಕ್ಕೆ ತಕ್ಕ ನಿರಾಕುಲತೆಯೂ ಲಭಿಸಲಿ.